ಕೋಳಿ ಹಿಕ್ಕೆ ಹಲಗೆಗೆ ಕೋಕೋಪೀಟ್: ಮೂರು ಮಳೆಗಾಲ ಬಳಸಿದ ಮೇಲೆ

ಕೋಳಿ ಗೂಡಿನ ಹಲಗೆ ಮೇಲೆ ಹಾಸುವ ಕೋಕೋಪೀಟ್‌ಗೆ, ಅಂದರೆ ತೆಂಗಿನ ನಾರಿನ ಪುಡಿಗೆ, ಬೇಸಿಗೆಯಲ್ಲಿ 5 ಸ್ಟಾರ್. ಮಳೆಗಾಲದಲ್ಲಿ 1 ಕೊಟ್ಟರೂ ಜಾಸ್ತಿ. ನಮ್ಮದು ತೀರ್ಥಹಳ್ಳಿ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಕಿಕೊಳ್ಳುವ ಬಟ್ಟೆಯೇ ಒಣಗದ ಜಾಗ. ಬಯಲುಸೀಮೆಯವರು ಓದುವಾಗ ಇದೊಂದು ನೆನಪಿರಲಿ.

ನಮ್ಮಲ್ಲಿರುವುದು 8 ಕೋಳಿ. 5 ಸ್ವರ್ಣಧಾರ ತಳಿಯವು, 3 ನಾಟಿ. ಗೂಡಿನೊಳಗೆ ಅವು ರಾತ್ರಿ ಕೂರಲು 6 ಅಡಿ ಉದ್ದದ ಒಂದು ಗಳ, ಅದರ ಕೆಳಗೆ ಹಿಕ್ಕೆ ಬೀಳಲಿ ಅಂತ 2 ಅಡಿ ಅಗಲದ ಹಲಗೆ. ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ಅರ್ಧದಷ್ಟು ರಾತ್ರಿ ಬೀಳುತ್ತದೆ ಅಂದುಕೊಂಡರೂ ಬೆಳಗಾಗುವಷ್ಟರಲ್ಲಿ ಹಲಗೆ ಮೇಲೆ 300 ಎಂಎಲ್ ನೀರು. ಅಂದರೆ ದೊಡ್ಡ ಲೋಟದ ತುಂಬ! ಅದನ್ನು ಯಾರು ಕುಡಿಯಬೇಕು ಅನ್ನುವುದೇ ಪ್ರಶ್ನೆ.

ಮೊದಲು ಉಮಿ ಹಾಕುತ್ತಿದ್ದೆವು. ರೈಸ್ ಮಿಲ್ಲಿನಲ್ಲಿ ಸುಮ್ನೆ ಸಿಗುತ್ತಿತ್ತು. ಆದರೆ ಉಮಿ ನೀರು ಕುಡಿಯುವುದಿಲ್ಲ, ಕೋಳಿ ರೆಕ್ಕೆ ಬಡಿದರೆ ಗೂಡೆಲ್ಲ ಹಾರುತ್ತದೆ. ಬಡಗಿ ಅಂಗಡಿಯ ಕೀಸುಳಿ ಹೊಟ್ಟು ಪರವಾಗಿಲ್ಲ, ಆದರೆ ಅದರ ಜೊತೆ ಪ್ಲೈವುಡ್ ಪುಡಿ ಬರುತ್ತಿತ್ತು. ಅದನ್ನು ಬಿಟ್ಟೆ.

2022ರ ಫೆಬ್ರವರಿಯಲ್ಲಿ 5 ಕೆಜಿಯ ಕೋಕೋಪೀಟ್ ಬ್ಲಾಕ್ ತರಿಸಿದೆ. ನೀರಿಗೆ ಹಾಕಿದರೆ ಉಬ್ಬಿ 60-70 ಲೀಟರ್ ಆಗುತ್ತದೆ. ಇಲ್ಲೇ ಇರುವುದು ಎಡವಟ್ಟು. ಗಿಡಕ್ಕಾದರೆ ಒದ್ದೆಯೇ ಬೇಕು, ನಮಗೆ ಬೇಕಿರುವುದು ಒಣಗಿದ್ದು. ಅಂಗಳದಲ್ಲಿ ಹರವಿ, ದಿನಕ್ಕೆರಡು ಸಲ ಕೈಯಾಡಿಸಿ, 4 ದಿನ ಒಣಗಿಸಿದೆ. ಆಮೇಲೆ ಎರಡು ಇಂಚು ದಪ್ಪ ಹಾಸಿದೆ. ಮೇ ಕೊನೆಯವರೆಗೂ ಗೂಡಿನಲ್ಲಿ ವಾಸನೆ ಅನ್ನುವುದೇ ಇರಲಿಲ್ಲ. ಹಿಕ್ಕೆ ಬೆಳಗ್ಗೆ ಒಣಗಿ ಉಂಡೆಯಾಗಿರುತ್ತಿತ್ತು. ಹಳೇ ಪೂರಿ ಜಾಲರಿಯಲ್ಲಿ ಎತ್ತಿದರೆ ಪುಡಿ ಕೆಳಗೆ ಉದುರುತ್ತದೆ, ಉಂಡೆ ಮೇಲೆ ಉಳಿಯುತ್ತದೆ. ಐದು ನಿಮಿಷದ ಕೆಲಸ. (ಜಾಲರಿ ಅಡಿಗೆಮನೆಗೆ ವಾಪಸ್ ಹೋಗಿಲ್ಲ, ಗಾಬರಿಯಾಗಬೇಡಿ.)

ಜೂನ್ ಬಂತು. ಮೂರನೇ ವಾರಕ್ಕೆ ಹಲಗೆ ಮೇಲಿನದೆಲ್ಲ ರಾಗಿ ಹಿಟ್ಟು ಕಲಸಿದ ಹಾಗಾಯಿತು. ನೀರು ಕುಡಿಯುವ ವಸ್ತು ಹಿಕ್ಕೆಯ ನೀರನ್ನಷ್ಟೇ ಕುಡಿಯುವುದಿಲ್ಲ, ಗಾಳಿಯ ತೇವವನ್ನೂ ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಹಿಕ್ಕೆಗೆ ಜಾಗ ಎಲ್ಲಿ? ಮೂಲೆಯಲ್ಲಿ ಬಿಳಿ ಬೂಷ್ಟು ಬಂತು. ಅದರ ಪುಡಿ ಕೋಳಿಯ ಶ್ವಾಸಕೋಶಕ್ಕೆ ಹೋದರೆ ಕಾಯಿಲೆಗೆ ದಾರಿ. ಪೂರ್ತಿ ತೆಗೆದು ತಿಪ್ಪೆಗೆ ಹಾಕಿದೆ.

ಆಗ ಅತ್ತೆ ಹೇಳಿದ್ದು: "ದುಡ್ಡು ಕೊಟ್ಟು ನಾರಿನ ಪುಡಿ ತರ್ತೀಯಲ್ಲ, ಒಲೆ ಬೂದಿ ಏನು ಪಾಪ ಮಾಡಿತ್ತೇ?" ಸರಿ, ಬೂದಿ ಹರಡಿದೆ. ಹಿಕ್ಕೆ ಒಣಗಿದ ಹಾಗೆ ಕಂಡಿತು. ಎರಡನೇ ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣಲ್ಲಿ ನೀರು! ಬೂದಿ, ಸುಣ್ಣ ಎರಡೂ ಕ್ಷಾರ. ಒದ್ದೆ ಹಿಕ್ಕೆಗೆ ಕ್ಷಾರ ಸೇರಿದರೆ ಅಮೋನಿಯಾ ಹಿಕ್ಕೆಯಲ್ಲಿ ನಿಲ್ಲದೆ ಗಾಳಿಗೆ ಬರುತ್ತದೆ. ಕೋಕೋಪೀಟ್ ಸ್ವಲ್ಪ ಹುಳಿ ಗುಣದ್ದು, ಅದಕ್ಕೇ ಬೇಸಿಗೆಯಲ್ಲಿ ವಾಸನೆ ಕಟ್ಟಿಹಾಕುತ್ತಿತ್ತು. ಬೂದಿಯನ್ನು ಈಗ ಕೋಳಿ ಮೈ ಹೊರಳಾಡುವ ಗುಂಡಿಗೆ ಮಾತ್ರ ಹಾಕುತ್ತೇವೆ. ಅತ್ತೆಗೂ ಸಮಾಧಾನ.

2023ರ ಮಳೆಗಾಲದಲ್ಲಿ ಕೋಕೋಪೀಟ್ ಪುಡಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ, ವಾರಕ್ಕೊಮ್ಮೆ ಬದಲಿಸಿ ನೋಡಿದೆ. ಆಗುತ್ತದೆ, ಆದರೆ ಬೇರೆ ಕೆಲಸ ಇಲ್ಲದವರಿಗೆ.

2024ರಲ್ಲಿ ಕುಂದಾಪುರ ಕಡೆಯಿಂದ ಜಿಯೋಲೈಟ್ ತರಿಸಿದೆ. ಸಿಗಡಿ ಕೆರೆಗೆ ಹಾಕುವ ಖನಿಜ ಅದು. ಅದರ ಸಣ್ಣ ಸಣ್ಣ ತೂತುಗಳಲ್ಲಿ ಅಮೋನಿಯಾ ಸಿಕ್ಕಿಕೊಳ್ಳುತ್ತದೆ. ಪುಡಿ ಬೇಡ, ಧೂಳು ಜಾಸ್ತಿ. ಹರಳು ಕೇಳಿ. ನಮ್ಮ ಹಲಗೆಗೆ ಮುಕ್ಕಾಲು ಇಂಚು ಹಾಸಲು 25 ಕೆಜಿಯ ಒಂದು ಚೀಲ ಸಾಕಾಯಿತು, ತೀರಾ ಸ್ವಲ್ಪ ಉಳಿಯಿತು. ಬಾಡಿಗೆ ಸೇರಿ 650 ರೂಪಾಯಿ. ಕೋಕೋಪೀಟ್ ಬ್ಲಾಕಿಗೆ ಕೊನೆಯ ಸಲ ಕೊಟ್ಟಿದ್ದು 220. ಆದರೆ ದಿನಾ ಜಾಲರಿ ಆಡಿಸಿದರೆ ಅದೇ ಹರಳು ಇಡೀ ಮಳೆಗಾಲ ಬಂತು. ಬೂಷ್ಟು ಇಲ್ಲ. ಹಿಕ್ಕೆ ಮಾತ್ರ ಬೇಸಿಗೆಯಷ್ಟು ಒಣಗುವುದಿಲ್ಲ, ಅಂಟಿಕೊಂಡು ಒಂದಷ್ಟು ಹರಳು ದಿನಾ ಹೋಗುತ್ತದೆ. ಅದು ಅಡಿಕೆ ಬುಡಕ್ಕೆ ಸೇರುವುದರಿಂದ ನಷ್ಟ ಅನ್ನಿಸಲಿಲ್ಲ.

ಈಗ ಅಕ್ಟೋಬರ್ ಕೊನೆಯಿಂದ ಮೇವರೆಗೆ ಕೋಕೋಪೀಟ್, ಉಳಿದ ತಿಂಗಳು ಜಿಯೋಲೈಟ್. ಕೋಕೋಪೀಟಿನಲ್ಲೂ ಎಲ್ಲ ಒಂದೇ ಅಲ್ಲ. ಆನ್‌ಲೈನಿನಲ್ಲಿ ಒಬ್ಬರಿಂದ ತರಿಸಿದ ಬ್ಲಾಕಿನಲ್ಲಿ ಪುಡಿಗಿಂತ ನಾರೇ ಜಾಸ್ತಿ ಇತ್ತು, ಜಾಲರಿಗೆ ಸುತ್ತಿಕೊಂಡು ಪ್ರಾಣ ತಿಂದಿತು. ಫೋಟೋ ಕಳಿಸಿದರೂ ಉತ್ತರ ಬರಲಿಲ್ಲ.

ತರುವವರು ಏಪ್ರಿಲ್ ಒಳಗೆ ತಂದು, ನೆನೆಸಿ, ಒಣಗಿಸಿ, ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ. ಜೂನ್ ಮೊದಲ ವಾರ ಬ್ಲಾಕ್ ಒಡೆದು ಅಂಗಳದಲ್ಲಿ ಹರವಿದವಳ ಕಥೆ ಬೇಕಿದ್ದರೆ ನಮ್ಮ ಅತ್ತೆಯನ್ನು ಕೇಳಿ, ಸಂತೋಷವಾಗಿ ಹೇಳುತ್ತಾರೆ.