ಸಿಕ್ಕಿಬಿದ್ದಾಗ ಎಲ್ಲಿ ಕೇಳುವುದು? ಐಆರ್‌ಸಿ, ಸ್ಟ್ಯಾಕ್ ಓವರ್‌ಫ್ಲೋ, ಆಫೀಸ್ ಚಾಟ್, ಎಐ

ರಾತ್ರಿ ಎರಡು ಗಂಟೆಗೆ ಫೋನ್ ಬಡಿದುಕೊಂಡಿತು. ಡೇಟಾಬೇಸ್ ಸರ್ವರ್‌ನ ಡಿಸ್ಕ್‌ನಲ್ಲಿ ಶೇ. 6ರಷ್ಟು ಜಾಗ ಮಾತ್ರ ಉಳಿದಿದೆ ಎಂಬ ಅಲರ್ಟ್. ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಅದು ಶೇ. 5ಕ್ಕೆ ಇಳಿದಿತ್ತು. ನಮ್ಮದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ. ಟೇಬಲ್‌ಗಳು ಬೆಳೆದಿರಲಿಲ್ಲ, ಬೆಳೆಯುತ್ತಿದ್ದದ್ದು ವಾಲ್ ಕಡತಗಳ ಫೋಲ್ಡರ್. ಡೇಟಾದಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಮೊದಲು ಈ ಕಡತಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೊಂದೂ 16 ಎಂಬಿ. ಕೆಲಸ ಮುಗಿದ ಹಳೆಯ ಕಡತಗಳನ್ನು ಅದೇ ತೆಗೆದುಹಾಕಬೇಕು. ಅವತ್ತು ಒಂದನ್ನೂ ತೆಗೆಯುತ್ತಿರಲಿಲ್ಲ. ಪಟ್ಟಿ ಕೇಳಿದರೆ ಪರದೆಯ ಮೇಲೆ ಕಡತಗಳ ಹೆಸರು ಸರಿದು ಹೋಗುತ್ತಲೇ ಇತ್ತು, ಮುಗಿಯುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಎರಡು ಕಡೆ ಒಟ್ಟಿಗೆ ಕೇಳಿದೆ. ಒಂದು ಕಿಟಕಿಯಲ್ಲಿ ಎಐ ಸಹಾಯಕ, ಇನ್ನೊಂದರಲ್ಲಿ ಐಆರ್‌ಸಿ ಎಂಬ ಹಳೆಯ ಅಕ್ಷರ-ಚಾಟ್ ವ್ಯವಸ್ಥೆಯ ಪೋಸ್ಟ್‌ಗ್ರೆಸ್ ಚಾನೆಲ್.

ಎಐ ಹತ್ತು ಸೆಕೆಂಡಿನಲ್ಲಿ ಏಳು ಕಾರಣ ಕೊಟ್ಟಿತು. ವಾಲ್ ಗಾತ್ರದ ಮಿತಿ ಕಡಿಮೆ ಮಾಡಿ, ಆರ್ಕೈವಿಂಗ್ ನಿಂತಿದೆಯೇ ನೋಡಿ, ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಸುವುದು) ಮಾಡಿಸಿ, ಹೀಗೆ. ನಿಜವಾದ ಕಾರಣ ಐದನೆಯ ಸಾಲಿನಲ್ಲಿ, ಉಳಿದವುಗಳಷ್ಟೇ ತಣ್ಣಗೆ, ಇತ್ತು. ಏಳನೆಯದು ಮಾತ್ರ ಭಯ ಹುಟ್ಟಿಸುವಂಥದ್ದು: ತೀರಾ ತುರ್ತಾದರೆ ಹಳೆಯ ವಾಲ್ ಕಡತಗಳನ್ನು ಕೈಯಾರೆ ಅಳಿಸಬಹುದಂತೆ. ಹಾಗೆ ಅಳಿಸಿದರೆ ಡೇಟಾಬೇಸ್ ಮತ್ತೆ ಏಳದೆಯೇ ಹೋಗಬಹುದು. ಈ ಫೋಲ್ಡರ್‌ನ ಹೆಸರಿನಲ್ಲಿ ಹಿಂದೆ 'ಲಾಗ್' ಎಂಬ ಪದವಿತ್ತು. ಲಾಗ್ ತಾನೇ ಎಂದುಕೊಂಡು ಜನ ಅಳಿಸಿ ಕೈ ಸುಟ್ಟುಕೊಳ್ಳುತ್ತಿದ್ದರು. ಅದಕ್ಕೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಾಯಿಸಿದರು. ನನಗೆ ಈ ವಿಷಯ ಗೊತ್ತಿತ್ತು, ಬಚಾವಾದೆ. ಗೊತ್ತಿಲ್ಲದವರು, ಅದೂ ರಾತ್ರಿ ಎರಡು ಗಂಟೆಗೆ, ಏನು ಮಾಡುತ್ತಿದ್ದರೋ.

ಐಆರ್‌ಸಿಯಲ್ಲಿ ಆರು ಸಾಲು ಬರೆದು ಕಾದೆ. ನಾಲ್ಕು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರಿಂದ ಎರಡು ಪ್ರಶ್ನೆ ಬಂತು. ರೆಪ್ಲಿಕೇಶನ್ ಸ್ಲಾಟ್‌ಗಳ ಪಟ್ಟಿಯಲ್ಲಿ ಏನಿದೆ? ಇತ್ತೀಚೆಗೆ ಯಾವುದಾದರೂ ಸ್ಟ್ಯಾಂಡ್‌ಬೈ ಸರ್ವರ್, ಅಂದರೆ ಡೇಟಾದ ನಕಲು ಇಟ್ಟುಕೊಳ್ಳುವ ಸರ್ವರ್, ತೆಗೆದಿರಾ?

ತೆಗೆದಿದ್ದೆವು, ಮೂರು ವಾರದ ಹಿಂದೆ. ಸರ್ವರ್ ಹೋಗಿತ್ತು, ಅದಕ್ಕಾಗಿ ಮಾಡಿದ್ದ ಸ್ಲಾಟ್ ಹಾಗೇ ಉಳಿದಿತ್ತು. ಪಟ್ಟಿ ತೆಗೆದರೆ ಒಂದೇ ಸಾಲು, 'ಆ್ಯಕ್ಟಿವ್' ಕಾಲಮ್ಮಿನಲ್ಲಿ 'ಎಫ್', ಅಂದರೆ ಯಾರೂ ಬಳಸುತ್ತಿಲ್ಲ. ಸ್ಲಾಟ್ ಎಂದರೆ ಒಂದು ಮಾತು ಕೊಟ್ಟ ಹಾಗೆ: ನೀನು ಓದಿ ಮುಗಿಸುವ ತನಕ ನಿನ್ನ ಪಾಲಿನ ವಾಲ್ ಇಟ್ಟುಕೊಂಡಿರುತ್ತೇನೆ ಎಂದು ಪ್ರೈಮರಿ, ಅಂದರೆ ಮುಖ್ಯ ಸರ್ವರ್, ಒಪ್ಪಿಕೊಂಡಿರುತ್ತದೆ. ಓದುವವನೇ ಇಲ್ಲದ ಮೇಲೂ ಅದು ಮಾತು ತಪ್ಪುವುದಿಲ್ಲ, ಡಿಸ್ಕ್ ತುಂಬುವ ತನಕ. ಸ್ಲಾಟ್ ತೆಗೆದೆ, ಚೆಕ್‌ಪಾಯಿಂಟ್ ಮಾಡಿಸಿದೆ, ಜಾಗ ಬಿಟ್ಟುಕೊಳ್ಳುತ್ತಾ ಬಂತು. ಆ ಪುಣ್ಯಾತ್ಮರು ಹೋಗುವ ಮುಂಚೆ ಇನ್ನೊಂದು ಸಾಲು ಬರೆದರು: ಸ್ಲಾಟ್ ಎಷ್ಟು ವಾಲ್ ಹಿಡಿದಿಡಬಹುದು ಎಂಬುದಕ್ಕೆ ಮಿತಿ ಹಾಕುವ ಸೆಟ್ಟಿಂಗ್ 13ನೇ ಆವೃತ್ತಿಯಿಂದ ಇದೆ, ತಾನಾಗಿ ಅದು ಮಿತಿಯಿಲ್ಲದೆ ಇರುತ್ತದೆ, ನಾಳೆಯೇ ಒಂದು ಸಂಖ್ಯೆ ಕೊಡಿ.

ಅಲ್ಲಿಂದ ಸುಮಾರು ಒಂದು ವರ್ಷ, ಕೆಲಸದಲ್ಲಿ ಸಿಕ್ಕಿಬಿದ್ದಾಗಲೆಲ್ಲ ಎಲ್ಲಿ ಕೇಳಿದೆ, ಏನಾಯಿತು ಎಂದು ಬರೆದಿಡುತ್ತಾ ಬಂದೆ. ಮೊದಲು ವೇಗವನ್ನಷ್ಟೇ ಬರೆಯುತ್ತಿದ್ದೆ. ಕ್ರಮೇಣ ಇನ್ನೊಂದು ಕಾಲಮ್ ಸೇರಿಸಿದೆ: ಉತ್ತರ ಕೊಡುವ ಮುಂಚೆ ಅವರು ನನ್ನನ್ನು ಏನಾದರೂ ಕೇಳಿದರೇ? ಕಡೆಗೆ ಈ ಕಾಲಮ್ಮೇ ಎಲ್ಲಕ್ಕಿಂತ ಹೆಚ್ಚು ಹೇಳಿತು.

ಐಆರ್‌ಸಿಯ ಮಾತು ಬಂದರೆ ಹೊಸ ಹುಡುಗರು 'ಅದಿನ್ನೂ ಇದೆಯಾ?' ಎನ್ನುತ್ತಾರೆ. 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಬರೆದದ್ದು ಇನ್ನೂ ಇದೆ. ಅನನುಕೂಲ ಬೇಕಾದಷ್ಟಿವೆ. ಚಿತ್ರ ಹಾಕುವಂತಿಲ್ಲ. ನೀವು ಸಂಪರ್ಕದಲ್ಲಿ ಇಲ್ಲದಾಗ ಹೇಳಿದ ಮಾತು ನಿಮಗೆ ಸಿಗುವುದಿಲ್ಲ. ಮೂಲ ನಿಯಮದ ಪ್ರಕಾರ ಒಂದು ಸಂದೇಶ 512 ಬೈಟ್ ಮೀರುವಂತಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, 'ಕ್ಷ' ಎಂಬ ಒಂದೇ ಅಕ್ಷರಕ್ಕೆ 9. ಕನ್ನಡದಲ್ಲಿ ಬರೆದರೆ ಮೂರನೆಯ ವಾಕ್ಯಕ್ಕೇ ಬಾಗಿಲು ಹಾಕಿದ ಹಾಗೆ. ಆದರೂ ನನ್ನ ಪುಸ್ತಕದಲ್ಲಿ ಮರುಪ್ರಶ್ನೆ ಹೆಚ್ಚಾಗಿ ಬಂದದ್ದು ಅಲ್ಲಿಂದಲೇ. ಅಲ್ಲಿ ಅಂಕಗಳಿಲ್ಲ, ಉತ್ತರಿಸಿದವರಿಗೆ ಪದಕ ಸಿಗುವುದಿಲ್ಲ. ಬೇಗ ಉತ್ತರ ಕೊಟ್ಟು ಗೆಲ್ಲುವ ಅವಸರ ಯಾರಿಗೂ ಇರುವುದಿಲ್ಲವಾದ್ದರಿಂದ ಸಾವಧಾನವಾಗಿ ಕೇಳುತ್ತಾರೆ ಎಂದು ನನಗನ್ನಿಸುತ್ತದೆ. ಇನ್ನೊಂದು ಗುಣವನ್ನು 2021ರಲ್ಲಿ ಕಣ್ಣಾರೆ ನೋಡಿದೆ. ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಒಡೆತನದ ಜಗಳದಲ್ಲಿ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಮೇ ತಿಂಗಳಲ್ಲಿ ಒಟ್ಟಾಗಿ ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ನಾನಿದ್ದ ಚಾನೆಲ್‌ಗಳು ಬೇಗನೆ ಅಲ್ಲಿಗೆ ಹೋದವು. ನನ್ನ ಪಾಲಿಗೆ ಬಂದ ಕೆಲಸ ಸರ್ವರ್ ವಿಳಾಸ ಬದಲಿಸಿ, ಹೆಸರನ್ನು ಮತ್ತೆ ನೋಂದಾಯಿಸಿದ್ದು, ಅಷ್ಟೇ. ಪ್ರೋಟೋಕಾಲ್ ಯಾರೊಬ್ಬರ ಸ್ವತ್ತೂ ಅಲ್ಲದಿದ್ದರೆ ಮನೆ ಬದಲಾಯಿಸುವುದು ಇಷ್ಟು ಸುಲಭ.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಕೂಡ ಅದೇ ವರ್ಷ ಕೈ ಬದಲಾಯಿತು, ಪ್ರೋಸಸ್ ಎಂಬ ಕಂಪನಿ 180 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆದರೆ ಅಲ್ಲಿ ಜನ ಬರೆದದ್ದೆಲ್ಲ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಉತ್ತರಗಳನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳುವಂತಿಲ್ಲ. 2008ರಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಅದನ್ನು ಕಟ್ಟುವಾಗ ಮಾಡಿದ ಬಹಳ ಒಳ್ಳೆಯ ಕೆಲಸ ಇದು. ಅಲ್ಲಿ ಕೇಳುವುದು ಕಷ್ಟ, ನಿಜ. ಈಗಾಗಲೇ ಕೇಳಿದ ಪ್ರಶ್ನೆಯಾಗಿದ್ದರೆ ಮುಚ್ಚುತ್ತಾರೆ, ಸ್ಪಷ್ಟವಿಲ್ಲದಿದ್ದರೆ ಮೈನಸ್ ಬೀಳುತ್ತದೆ. ನನ್ನ ಸ್ಲಾಟ್ ಕಥೆಯನ್ನು ಅಲ್ಲಿ ಹಾಕೋಣವೆಂದು ಹೋದರೆ ಅದು ಮೊದಲೇ ಇತ್ತು. ಅವತ್ತು ರಾತ್ರಿ ಕಾಣಲಿಲ್ಲವೇಕೆಂದರೆ, ಯಾವ ಪದ ಹುಡುಕಬೇಕೆಂದೇ ನನಗೆ ತಿಳಿದಿರಲಿಲ್ಲ.

ಇನ್ನೊಂದು ಸಮಸ್ಯೆಯನ್ನು ಅಲ್ಲೇ ಕೇಳಿದೆ. ಡೇಟಾಬೇಸ್‌ಗೆ ಕೇಳುವ ಒಂದು ಕ್ವೆರಿ ಕೆಲವೊಮ್ಮೆ ಚುರುಕಾಗಿ ಓಡುತ್ತಿತ್ತು, ಕೆಲವೊಮ್ಮೆ ಎಷ್ಟು ಹೊತ್ತಾದರೂ ಮುಗಿಯುತ್ತಿರಲಿಲ್ಲ. ಪ್ರಶ್ನೆ ಬರೆಯಲು ಒಂದೂವರೆ ಗಂಟೆ ಹಿಡಿಯಿತು. ನಮ್ಮ ಕಂಪನಿಯ ಡೇಟಾ ಹೊರಗೆ ಹಾಕುವಂತಿಲ್ಲ. ಹಾಗಾಗಿ ಎರಡು ಕಾಲಮ್ಮಿನ ಪುಟ್ಟ ಟೇಬಲ್ ಮಾಡಿ, ಸುಳ್ಳು ಸಾಲುಗಳನ್ನು ತುಂಬಿಸಿ, ಬೇರೆಯವರೂ ಓಡಿಸಿ ನೋಡುವಂತೆ ಸಿದ್ಧಪಡಿಸಿದೆ. ಹಾಗೆ ಓಡಿಸುತ್ತಿರುವಾಗಲೇ ಕಂಡಿತು: ಮೊದಲ ಐದು ಸಲ ಚುರುಕು, ಆರನೆಯ ಸಲದಿಂದ ನಿಧಾನ. ಎಣಿಸಿ ನೋಡಿದೆ, ಮತ್ತೆ ಎಣಿಸಿದೆ, ಸರಿಯಾಗಿ ಐದು. ಇದನ್ನೂ ಸೇರಿಸಿ ಹಾಕಿದೆ. ಕೆಳಗೆ ಮೊದಲು ಬಂದದ್ದು ಆವೃತ್ತಿ ಯಾವುದು, ಆರನೆಯ ಸಲದ ಪ್ಲ್ಯಾನ್ (ಡೇಟಾವನ್ನು ಯಾವ ದಾರಿಯಲ್ಲಿ ಹುಡುಕುತ್ತದೆ ಎಂಬುದು) ತೋರಿಸಿ ಎಂಬ ಕಾಮೆಂಟ್. ಬೆಳಿಗ್ಗೆ ಹೊತ್ತಿಗೆ ಉತ್ತರ ಬಂದಿತ್ತು. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ, ಅಂದರೆ ಒಮ್ಮೆ ಸಿದ್ಧಮಾಡಿ ಬೇರೆ ಬೇರೆ ಬೆಲೆ ಕೊಟ್ಟು ಮತ್ತೆ ಮತ್ತೆ ಓಡಿಸುವ ಕ್ವೆರಿಗೆ, ಪೋಸ್ಟ್‌ಗ್ರೆಸ್ ಮೊದಲ ಐದು ಸಲ ಕೊಟ್ಟ ಬೆಲೆಗಳನ್ನು ನೋಡಿಯೇ ಪ್ಲ್ಯಾನ್ ಮಾಡುತ್ತದೆ, ಆಮೇಲೆ ಖರ್ಚು ಹೋಲಿಸಿ, ಎಲ್ಲಕ್ಕೂ ಒಂದೇ ಸಾಮಾನ್ಯ ಪ್ಲ್ಯಾನ್ ಸಾಕೆಂದು ನಿರ್ಧರಿಸಬಹುದು. 12ನೇ ಆವೃತ್ತಿಯಿಂದ ಅದನ್ನು ನಾವೇ ಹತೋಟಿಯಲ್ಲಿಡುವ ಸೆಟ್ಟಿಂಗ್ ಇದೆ.

ಅರ್ಧ ಉತ್ತರ ಪ್ರಶ್ನೆ ಬರೆಯುವಾಗಲೇ ನನ್ನ ಕೈಗೆ ಸಿಕ್ಕಿತ್ತು. ಆ ಕಟ್ಟುನಿಟ್ಟಿನ ಬಗ್ಗೆ ಬಹಳ ಜನರಿಗೆ ಬೇಸರವಿದೆ, ಹೊಸಬರಿಗಂತೂ ಅಳು ಬರುವಷ್ಟು. ನಾನು ಆ ಕಟ್ಟುನಿಟ್ಟಿನ ಪರ. ಮಾತು ಮಾತ್ರ ಸ್ವಲ್ಪ ಮೆತ್ತಗಿರಲಿ ಎನ್ನುತ್ತೇನೆ.

ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಲೈಬ್ರರಿಯ ಸಮುದಾಯ ಅಲ್ಲಿತ್ತು, ಎಲ್ಲರೂ ಸ್ನೇಹದಿಂದ ಮಾತಾಡಿಸಿದರು, ಎಂಟು ನಿಮಿಷದಲ್ಲಿ ಸರಿಯಾದ ಉತ್ತರವನ್ನೂ ಕೊಟ್ಟರು. ಎರಡು ತಿಂಗಳ ನಂತರ ಸಹೋದ್ಯೋಗಿಗೆ ಅದೇ ತೊಂದರೆ ಬಂತು. ಗೂಗಲ್‌ನಲ್ಲಿ ಹುಡುಕಿದರೆ ಏನೂ ಇಲ್ಲ, ಸರ್ಚ್ ಎಂಜಿನ್‌ಗಳಿಗೆ ಆ ಮಾತುಕತೆ ಕಾಣಿಸುವುದಿಲ್ಲ. ಪಾಪ, ಅವರೂ ಮೊದಲಿಂದ ಶುರುಮಾಡಿದರು.

ಆಫೀಸ್ ಚಾಟ್ ಮಾತ್ರ ನಿಂತು ಮಾತಾಡಬೇಕಾದ ವಿಷಯ, ಏಕೆಂದರೆ ನಮ್ಮ ದಿನದ ಬಹುಪಾಲು ಕಳೆಯುವುದೇ ಅಲ್ಲಿ. ಬಹಳ ಕಂಪನಿಗಳು ಬಳಸುವ ಸ್ಲ್ಯಾಕ್ ಎಂಬ ಚಾಟ್ ತಂತ್ರಾಂಶದ ಹೆಸರನ್ನು ಬಿಡಿಸಿದರೆ 'ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ ಹುಡುಕಬಹುದಾದ ದಾಖಲೆ' ಎಂದು ಅರ್ಥ ಬರುತ್ತದೆ. ಸುಂದರವಾದ ಆಸೆ. ಅದರ ಉಚಿತ ಯೋಜನೆಯಲ್ಲಿ ಮೊದಲು ಕೊನೆಯ 10,000 ಸಂದೇಶ ಕಾಣುತ್ತಿದ್ದವು, 2022ರಿಂದ ಕಾಣುವುದು 90 ದಿನದ್ದು. ದುಡ್ಡು ಕೊಟ್ಟವರಿಗೆ ಈ ತೊಂದರೆಯಿಲ್ಲ. ಅವರಿಗೂ ಇರುವ ತೊಂದರೆ ಬೇರೆ, ಅದು ಯಾವ ತಂತ್ರಾಂಶ ಬಳಸಿದರೂ ತಪ್ಪುವುದಿಲ್ಲ: ಕೇಳುವವರು ಚಾನೆಲ್‌ನಲ್ಲಿ ಕೇಳುವುದೇ ಇಲ್ಲ.

ನನಗೆ ದಿನಕ್ಕೆ ನಾಲ್ಕೈದು ಸಲ 'ಹಾಯ್ ಸರ್' ಎಂದು ಖಾಸಗಿಯಾಗಿ ಬರುತ್ತದೆ. ಆಮೇಲೆ ಟೈಪ್ ಮಾಡುತ್ತಿದ್ದಾರೆ ಎಂಬ ಗುರುತು ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. ಹತ್ತು ನಿಮಿಷದ ಮೇಲೆ, 'ಏನಿಲ್ಲ ಸರ್, ಎರಡು ನಿಮಿಷ ಬಿಡುವಿದೆಯಾ?' ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿಯೊಬ್ಬಳು ಹೀಗೆ ಬಹಳ ಒಳ್ಳೆಯ ಪ್ರಶ್ನೆ ಕೇಳಿದಳು. ಅದನ್ನು ಚಾನೆಲ್‌ನಲ್ಲೇ ಕೇಳಮ್ಮ, ಎಲ್ಲರಿಗೂ ಉಪಯೋಗವಾಗುತ್ತದೆ ಎಂದೆ. 'ಅಲ್ಲಿ ಮ್ಯಾನೇಜರ್ ಕೂಡ ಇದ್ದಾರೆ ಸರ್' ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಐಆರ್‌ಸಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಏನು ಕೇಳಿದರೂ ನಡೆಯುತ್ತದೆ. ಇಲ್ಲಿ ಪ್ರಶ್ನೆಯ ಪಕ್ಕದಲ್ಲಿ ಫೋಟೋ ಇರುತ್ತದೆ, ವರ್ಷದ ಕೊನೆಗೆ ಅದೇ ಜನ ನಮ್ಮ ಕೆಲಸಕ್ಕೆ ಅಂಕ ಹಾಕುತ್ತಾರೆ.

ಹಾಗಿದ್ದರೂ ಮರುಪ್ರಶ್ನೆಯ ವಿಷಯದಲ್ಲಿ ಸಹೋದ್ಯೋಗಿಗಳನ್ನು ಮೀರಿಸುವವರಿಲ್ಲ. 'ನಿನ್ನೆ ಸಂಜೆ ಏನು ಡಿಪ್ಲಾಯ್ ಮಾಡಿದಿರಿ?' ಎಂದು ಕೇಳಲು ಹೊರಗಿನವರಿಗೆ ಸಾಧ್ಯವೇ? ಇಡೀ ವರ್ಷದಲ್ಲಿ ಅತಿ ಬೇಗ ಬಗೆಹರಿದ ಸಮಸ್ಯೆ ಈ ಒಂದು ಪ್ರಶ್ನೆಯಿಂದಲೇ ಬಗೆಹರಿಯಿತು. ಆ ಹುಡುಗಿಯ ಮಾತು ಕೇಳಿದ ಮೇಲೆ ಒಂದು ಅಭ್ಯಾಸ ಶುರುಮಾಡಿದೆ: ನನಗೆ ತಿಳಿಯದ್ದನ್ನು ನಾನೇ ಮೊದಲು ಚಾನೆಲ್‌ನಲ್ಲಿ ಕೇಳುವುದು. ತೀರಾ ಸಣ್ಣದೆನಿಸಿದರೂ ಕೇಳುತ್ತೇನೆ. ಇನ್ನೊಂದು ತಂಡದಲ್ಲಿ ಜುಲಿಪ್ ಎಂಬ ಬೇರೆ ಚಾಟ್ ತಂತ್ರಾಂಶ ಬಳಸಿ ನೋಡಿದೆವು. ಅಲ್ಲಿ ಪ್ರತಿ ಮಾತಿಗೂ ಒಂದು ವಿಷಯದ ಹೆಸರು ಕೊಡುವ ಪದ್ಧತಿ. ವಾರ ಬಿಟ್ಟು ಬಂದವರಿಗೂ ಎಳೆ ಸಿಗುತ್ತದೆ. ಇಷ್ಟವಾಯಿತು. ಹೆಸರು ಕೊಡುವ ಶಿಸ್ತು ಎಲ್ಲರಿಗೂ ಬರಲು ತಿಂಗಳುಗಳೇ ಬೇಕಾದವು.

ಮತ್ತೆ ಎಐಗೆ ಬರುತ್ತೇನೆ, ಏಕೆಂದರೆ ಆ ರಾತ್ರಿಯ ಒಂದೇ ಅನುಭವದ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಒಂದು ವಾರ ಕಳೆಯುವುದರೊಳಗೆ ಅದು ಬರೆದ ಉತ್ತರಗಳನ್ನು ಹಾಕಬಾರದೆಂದು ಸ್ಟ್ಯಾಕ್ ಓವರ್‌ಫ್ಲೋ ನಿಯಮ ತಂದಿತು. ಅಲ್ಲಿಂದ ಈಚೆಗೆ ಇಂಥ ಸಹಾಯಕಗಳು ಬಹಳ ಸುಧಾರಿಸಿವೆ. ಎರರ್ ಸಂದೇಶದ ಅರ್ಥ ಬಿಡಿಸಲು, ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯಲು, ಗೊತ್ತಿಲ್ಲದ ಭಾಷೆಯ ಕೋಡ್ ಓದಲು ನಾನು ಮೊದಲು ಹೋಗುವುದು ಅಲ್ಲಿಗೇ. 'ಇಷ್ಟೂ ಗೊತ್ತಿಲ್ಲವೇ' ಎಂದು ಅದು ಯಾರನ್ನೂ ನೋಯಿಸುವುದಿಲ್ಲ. ಆ ಹುಡುಗಿಯಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ನನ್ನ ಸ್ನೇಹಿತನೊಬ್ಬ ಎಐ ಒಂದೇ ಸಾಕು ಎನ್ನುವವನು. ಅವನ ಎದುರು ಕೂತು ಆ ರಾತ್ರಿಯ ಸಮಸ್ಯೆಯನ್ನೇ ಮತ್ತೆ ಕೇಳಿದೆವು. ಈ ಸಲ ಅವನು ಸ್ಲಾಟ್ ಪಟ್ಟಿಯ ಔಟ್‌ಪುಟ್ಟನ್ನೂ ಅಂಟಿಸಿದ. ಮೊದಲ ಸಾಲಿನಲ್ಲೇ ಸರಿಯಾದ ಉತ್ತರ ಬಂತು, ವಾಲ್ ಕಡತಗಳನ್ನು ಕೈಯಾರೆ ಮುಟ್ಟಬೇಡಿ ಎಂಬ ಎಚ್ಚರಿಕೆಯೂ ಜೊತೆಗಿತ್ತು. ನೋಡು ಎಂದ ಅವನು. ನೋಡಿದೆ. ಸ್ಲಾಟ್ ಪಟ್ಟಿ ಅಂಟಿಸಬೇಕೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ನೀನೇ ತಾನೇ ಹೇಳಿದ್ದು ಎಂದ. ನನಗೆ ಹೇಳಿದ್ದು ಐಆರ್‌ಸಿಯವರು. ಉತ್ತರ ಕೊಡುವ ಮುಂಚೆ ನಿನಗೇನು ಬೇಕೋ ಕೇಳು ಎಂದು ಮೊದಲೇ ಹೇಳಿಟ್ಟರೆ ಎಐ ಕೂಡ ಮರುಪ್ರಶ್ನೆ ಹಾಕುತ್ತದೆ, ಈಗ ಹಾಗೇ ಮಾಡುತ್ತೇನೆ, ಉತ್ತರದ ಗುಣವೂ ಏರಿದೆ. ಆದರೆ ಅಲ್ಲಿ ಬಗೆಹರಿದದ್ದು ನನ್ನ ಪರದೆಯಲ್ಲೇ ಉಳಿಯುತ್ತದೆ. ನಾಳೆ ಇದೇ ಹಳ್ಳಕ್ಕೆ ಬೀಳುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ನನಗೆ ನಿಜವಾಗಿ ನೋವಾಗುವುದು ಇದಕ್ಕೇ.

ಈಗ ನಾನು ಹೋಗುವ ದಾರಿ ಹೀಗಿದೆ. ಓದಿ ತಿಳಿಯುವಂಥದ್ದಾದರೆ ಎಐ. ನಮ್ಮದೇ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದ್ದರೆ ತಂಡದ ಚಾನೆಲ್, ಖಾಸಗಿಯಾಗಿ ಅಲ್ಲ. ಕಾರಣ ಯಾವ ದಿಕ್ಕಿನಲ್ಲಿದೆ ಎಂದೇ ತೋಚದಿದ್ದರೆ ಐಆರ್‌ಸಿ. ಬಿಡುವು ಇದ್ದು, ಬೇರೆಯವರೂ ಓಡಿಸಿ ನೋಡಬಹುದಾದ ಸಮಸ್ಯೆಯಾದರೆ ಸ್ಟ್ಯಾಕ್ ಓವರ್‌ಫ್ಲೋ. ಮಿಕ್ಕ ಮೂರು ಕಡೆ ಬಗೆಹರಿದದ್ದರಲ್ಲಿ ಹೊಸದೇನಾದರೂ ಇದ್ದರೆ ಪ್ರಶ್ನೆ ಉತ್ತರ ಎರಡನ್ನೂ ನಾನೇ ಬರೆದು ಅಲ್ಲಿ ಹಾಕುತ್ತೇನೆ, ಅದಕ್ಕೆ ಅಲ್ಲಿ ಅವಕಾಶವಿದೆ. ಶುಕ್ರವಾರ ಮಧ್ಯಾಹ್ನದ ಒಂದು ಗಂಟೆಯನ್ನು ಅದಕ್ಕೆಂದೇ ಕ್ಯಾಲೆಂಡರ್‌ನಲ್ಲಿ ತೆಗೆದಿಟ್ಟಿದ್ದೇನೆ. ಇದು ಯಾವ ಪ್ರಾಜೆಕ್ಟಿನ ಲೆಕ್ಕಕ್ಕೆ ಎಂದು ಮ್ಯಾನೇಜರ್ ಒಮ್ಮೆ ಕೇಳಿದರು. ಆ ರಾತ್ರಿಯ ಅಲರ್ಟಿನ ನಕಲನ್ನು ತೆಗೆದು ತೋರಿಸಿದೆ. ಆ ಗಂಟೆ ಈಗಲೂ ಕ್ಯಾಲೆಂಡರ್‌ನಲ್ಲಿದೆ.