‘ಇಡ್ತೀನ್ರಿ’ ಅನ್ನದೆ ಫೋನ್ ಇಡುವ ಮಶೀನು: ಕರ್ನಲ್‌ನಲ್ಲಿ ಟಿಎಲ್‌ಎಸ್ ಸಾಕೆಟ್ ಮುಚ್ಚಿದ ನಾಲ್ಕು ಬಗೆ

ಧಾರವಾಡದ ವಿದ್ಯಾಗಿರಿಯಲ್ಲಿ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್. ಹುಬ್ಬಳ್ಳಿಯ ಉಣಕಲ್‌ನಲ್ಲಿ ಗೆಳೆಯನ ಮನೆಯ ಇನ್ನೊಂದು ಮಶೀನು. ಇಲ್ಲಿನ ಡಿಸ್ಕಿನಲ್ಲಿ ಏನೇ ಬರೆದರೂ ಅದರ ನಕಲು ಅಲ್ಲಿಗೆ ಹೋಗಬೇಕು. ಅದಕ್ಕೆ ಪುಟ್ಟ ಲಿನಕ್ಸ್ ಮಾಡ್ಯೂಲ್ ಒಂದನ್ನು, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್‌ಗೆ ಸೇರಿಕೊಳ್ಳುವ ಕೋಡನ್ನು, ಬರೆಯುತ್ತಿದ್ದೇನೆ. ಹೊಟ್ಟೆಪಾಡಿನ ಕೆಲಸ ಅಲ್ಲ, ಭಾನುವಾರದ ಹುಚ್ಚು. ಡೇಟಾ ಕರ್ನಲ್‌ನಲ್ಲೇ ಹುಟ್ಟುತ್ತದೆ, ಎನ್‌ಕ್ರಿಪ್ಶನ್ ಕೂಡ ಅಲ್ಲೇ ಆಗಲಿ ಅಂತ ಕೆಟಿಎಲ್‌ಎಸ್ ಹಿಡಿದೆ: ನೆಟ್‌ವರ್ಕಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಅನ್ನು ಕರ್ನಲ್ ಒಳಗೇ ನಡೆಸುವ ಸೌಲಭ್ಯ. ಅದರ ಕಳಿಸುವ ಭಾಗ 2017ರ 4.13 ಕರ್ನಲ್‌ನಲ್ಲಿ ಬಂತು, ಓದುವ ಭಾಗ 2018ರ 4.17ರಲ್ಲಿ. ಶುರುವಿಗೆ ಎರಡೂ ಕಡೆಯವರು ಕೀ ಒಪ್ಪಿಕೊಳ್ಳುವ ಹ್ಯಾಂಡ್‌ಶೇಕ್ ಮಾತ್ರ ಕರ್ನಲ್ ತಾನೇ ಮಾಡುವುದಿಲ್ಲ. 2023ರ 6.4ರಿಂದ ಅದನ್ನು ಯೂಸರ್‌ಸ್ಪೇಸಿನ (ಕರ್ನಲ್ ಹೊರಗೆ ಮಾಮೂಲಿ ಪ್ರೋಗ್ರಾಮುಗಳು ಓಡುವ ಜಾಗದ) ಡೀಮನ್‌ಗೆ, ಅಂದರೆ ಹಿನ್ನೆಲೆಯ ಪ್ರೋಗ್ರಾಮಿಗೆ, ಒಪ್ಪಿಸಿ, ಮುಗಿದ ಮೇಲೆ ಸಾಕೆಟ್ (ಸಂಪರ್ಕದ ನಮ್ಮ ತುದಿ) ವಾಪಸ್ ಪಡೆಯಬಹುದು.

ತೆರೆಯುವುದು ಒಂದೇ ವಾರದಲ್ಲಿ ಕೈಗೆ ಹತ್ತಿತು. ಮುಚ್ಚುವುದಕ್ಕೆ ಎರಡು ತಿಂಗಳು ಹೋಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಕೆಲಸ ಮುಗಿದ ಕೂಡಲೇ ಸಾಕೆಟ್ ಬಿಟ್ಟುಕೊಡುವ ಸಾಕ್ ರಿಲೀಸ್ ಫಂಕ್ಷನ್ ಕರೆದು ಕೈ ತೊಳೆದುಕೊಂಡೆ. ಎರಡೂ ಮಶೀನು ನನ್ನ ಮೇಜಿನ ಮೇಲಿದ್ದಾಗ ಏನೂ ತೊಂದರೆ ಕಾಣಲಿಲ್ಲ. ಉಳಿದ ಡೇಟಾವನ್ನು ಟಿಎಲ್‌ಎಸ್‌ನ ಕೆಳಗಿನ ಸಾಗಣೆ ಪದರ ಟಿಸಿಪಿ ತಾನೇ ಕಳಿಸಿ, ಕೊನೆಗೆ ಫಿನ್ (ಕಳಿಸುವುದು ಮುಗಿಯಿತು ಎಂಬ ಗುರುತು) ಹಾಕಿ ಮುಗಿಸುತ್ತಿತ್ತು. ಒಂದನ್ನು ಉಣಕಲ್‌ಗೆ ಒಯ್ದಿಟ್ಟ ಮೇಲೆ ಗೆಳೆಯನ ಫೋನ್ ಬಂತು.

‘ಏನಲೇ, ನಿನ್ನ ಮಶೀನು ಫೋನ್ ಇಡೋ ಮುಂದ ಇಡ್ತೀನ್ರಿ ಅನ್ನಂಗಿಲ್ಲೇನು? ಸುಮ್ನ ಕಟ್ ಮಾಡತೈತಿ. ಮಾತು ಮುಗೀತೋ, ಲೈನ್ ಹೋತೋ, ನನಗ ಹೆಂಗ ತಿಳೀಬೇಕು?’

ಅವನ ಸರ್ವರ್ ಓಪನ್‌ಎಸ್‌ಎಸ್‌ಎಲ್ 3.0 ಎಂಬ ಟಿಎಲ್‌ಎಸ್ ಲೈಬ್ರರಿ ಮೇಲೆ ನಡೆಯುತ್ತದೆ. ಟಿಎಲ್‌ಎಸ್‌ನಲ್ಲಿ ಮಾತು ಮುಗಿಯಿತು ಎನ್ನಲು ಕ್ಲೋಸ್ ನೋಟಿಫೈ ಎಂಬ ಸಂದೇಶವಿದೆ. ಅದು ಬರದೆ ಬರೀ ಫಿನ್ ಬಂದರೆ ಓಪನ್‌ಎಸ್‌ಎಸ್‌ಎಲ್ 3.0 ಅದನ್ನು ದೋಷ ಎಂದೇ ಲೆಕ್ಕ ಹಾಕುತ್ತದೆ. ಅವನ ಪ್ರೋಗ್ರಾಮು ಇನ್ನೂ ಕಟ್ಟುನಿಟ್ಟು: ಆ ಕಂತನ್ನೇ ಎಸೆದುಬಿಡುತ್ತದೆ. ಸಿಟ್ಟು ಬಂತು, ಆದರೆ ತಪ್ಪು ಅವನದಲ್ಲ. ಫಿನ್‌ಗೆ ಬೀಗವೂ ಇಲ್ಲ, ಸಹಿಯೂ ಇಲ್ಲ. ದಾರಿ ನಡುವೆ ಕೂತವನು ಯಾರು ಬೇಕಾದರೂ ನನ್ನ ಹೆಸರಲ್ಲಿ ಒಂದು ಫಿನ್ ಕಳಿಸಿ, ನನ್ನ ಡೇಟಾದ ಬಾಲ ಕತ್ತರಿಸಬಹುದು. ಕ್ಲೋಸ್ ನೋಟಿಫೈ ಎನ್‌ಕ್ರಿಪ್ಶನ್ ಒಳಗೇ ಹೋಗುವುದರಿಂದ ಅದನ್ನು ಬೇರೆಯವರು ಹುಟ್ಟಿಸಲಾಗುವುದಿಲ್ಲ. ಸಾಕೆಟ್ ಮುಚ್ಚುವಾಗ ಕೆಟಿಎಲ್‌ಎಸ್ ಅದನ್ನು ತಾನೇ ಕಳಿಸುತ್ತದೆ ಅಂದುಕೊಂಡಿದ್ದೆ. ಕಳಿಸುವುದಿಲ್ಲ. ಅದು ನಮ್ಮ ಕೆಲಸ.

ಎರಡನೇ ಬಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಕೆಟ್ ಬಿಡುವ ಮುಂಚೆ, ಟಿಸಿಪಿ ಸಂಪರ್ಕ ನಿಲ್ಲಿಸುವ ಕರ್ನಲ್ ಸಾಕ್ ಶಟ್‌ಡೌನ್ ಕರೆದೆ. ಕಳಿಸಲು ಕಾಯುತ್ತಿದ್ದ ಥ್ರೆಡ್ ತಕ್ಷಣ ಎದ್ದು ಬಂತು, ಅದೊಂದು ಲಾಭ. ಉಣಕಲ್‌ನ ಲಾಗಿನಲ್ಲಿ ಮಾತ್ರ ಅದೇ ಬೈಗುಳ. ಕೆಳಗಿನ ಟಿಸಿಪಿಗೆ ಎಷ್ಟೇ ಮರ್ಯಾದೆ ಕೊಟ್ಟರೂ ಮೇಲಿನ ಟಿಎಲ್‌ಎಸ್‌ಗೆ ಅದು ಮುಟ್ಟುವುದಿಲ್ಲ.

ಮೂರನೇ ಬಗೆಗೇ ತಿಂಗಳುಗಟ್ಟಲೆ ಹಿಡಿದದ್ದು. ಹೇಳಿ ಹೋಗುವುದು. ಟಿಎಲ್‌ಎಸ್ ಎಲ್ಲವನ್ನೂ ರೆಕಾರ್ಡ್ ಎಂಬ ಕಟ್ಟುಗಳಲ್ಲಿ ಕಳಿಸುತ್ತದೆ: ಮಾಮೂಲಿ ಡೇಟಾ 23ನೇ ನಮೂನೆಯ ರೆಕಾರ್ಡ್, ಕ್ಲೋಸ್ ನೋಟಿಫೈ ಸೇರುವ ಅಲರ್ಟ್ 21. ಕಳಿಸುವ ಸಂದೇಶದ ಜೊತೆ ಒಂದು ಕಂಟ್ರೋಲ್ ಮೆಸೇಜ್ ಇಟ್ಟು, ‘ಇದು 21’ ಎಂದು ಕರ್ನಲ್‌ಗೆ ಹೇಳಬೇಕು. ಒಳಗಿನ ಸರಕು ಎರಡೇ ಬೈಟು: 1 ಮತ್ತು 0. ಹೋಯಿತೋ ಇಲ್ಲವೋ ನೋಡೋಣ ಅಂತ, ಹೋಗಿಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿದೆ. ಟಿಎಲ್‌ಎಸ್ 1.3ರಲ್ಲಿ ಹೊರಗಿನ ಹೆಡರ್ ಅಲರ್ಟ್‌ಗೂ 23 ಎಂದೇ ತೋರಿಸುತ್ತದೆ, ನಿಜವಾದ ನಮೂನೆ ಒಳಗೆ ಮುಚ್ಚಿಕೊಂಡಿರುತ್ತದೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಅಳತೆಯಿಂದ. ಹೆಡರ್ 5, ಸರಕು 2, ನಮೂನೆಗೆ 1, ಎಇಎಸ್-ಜಿಸಿಎಂ ಎನ್‌ಕ್ರಿಪ್ಶನ್ ಹಾಕುವ ಮುದ್ರೆಗೆ (ಟ್ಯಾಗ್) 16. ಒಟ್ಟು 24. ಸಾಲುಗಟ್ಟಲೆ ದಪ್ಪ ಪ್ಯಾಕೆಟ್‌ಗಳ ಕೊನೆಗೆ 24 ಬೈಟಿನ ಒಂದು ಮರಿ ಹೋದದ್ದು ಕಂಡಾಗ ಕುಣಿಯುವಷ್ಟು ಖುಷಿ.

ಖುಷಿ ಮರುದಿನದವರೆಗೂ ಉಳಿಯಲಿಲ್ಲ. ಹತ್ತರಲ್ಲಿ ಒಂದೆರಡು ಸಲ ಫಿನ್ ಬದಲು ಆರ್‌ಎಸ್‌ಟಿ (ಸಂಪರ್ಕವನ್ನು ಥಟ್ಟನೆ ಮುರಿಯುವ ಗುರುತು) ಹೋಗುತ್ತಿತ್ತು. ಲಿನಕ್ಸ್‌ನಲ್ಲಿ ಓದದೆ ಉಳಿದ ಡೇಟಾ ಇಟ್ಟುಕೊಂಡು ಸಾಕೆಟ್ ಮುಚ್ಚಿದರೆ ಟಿಸಿಪಿ ಆರ್‌ಎಸ್‌ಟಿ ಎಸೆಯುತ್ತದೆ. ಅದು ಮುಟ್ಟಿದಾಗ ಆ ಕಡೆಯವರು ಇನ್ನೂ ಓದಿರದ ಡೇಟಾ ಕೂಡ ಕೈತಪ್ಪಬಹುದು, ನಾವು ಕಷ್ಟಪಟ್ಟು ಕಳಿಸಿದ ಕ್ಲೋಸ್ ನೋಟಿಫೈ ಸಹಿತ. ಆದರೆ ನಾನು ಬರೀ ಕಳಿಸುವವನು. ನನ್ನ ಬಳಿ ಓದದೆ ಉಳಿದದ್ದು ಏನು? ಟಿಕೆಟ್! ಹ್ಯಾಂಡ್‌ಶೇಕ್ ಮುಗಿದ ಮೇಲೆ ಓಪನ್‌ಎಸ್‌ಎಸ್‌ಎಲ್ ಸರ್ವರ್ ಟಿಎಲ್‌ಎಸ್ 1.3ರಲ್ಲಿ ತಾನಾಗಿಯೇ ಎರಡು ಸೆಶನ್ ಟಿಕೆಟ್ (ಮುಂದಿನ ಸಲ ಬೇಗ ಸಂಪರ್ಕ ಕಟ್ಟಲು ಚೀಟಿ) ಕಳಿಸುತ್ತದೆ. ಅವನ್ನು ಯಾರೂ ಮುಟ್ಟದೆ ಬಫರ್‌ನಲ್ಲಿ ಬಿದ್ದಿದ್ದವು.

ಸರಿ, ಓದಿ ಖಾಲಿ ಮಾಡೋಣ ಅಂತ ಹೋದರೆ ಮೊದಲ ಓದಿಗೇ ಇಐಒ, ಅಂದರೆ ಇನ್‌ಪುಟ್-ಔಟ್‌ಪುಟ್ ದೋಷ. ಟಿಕೆಟ್ 22ನೇ ನಮೂನೆಯದು. ಡೇಟಾ ಅಲ್ಲದ ರೆಕಾರ್ಡ್ ಬಂದಾಗ ಅದರ ನಮೂನೆ ಬರೆಯಲು ಕಂಟ್ರೋಲ್ ಮೆಸೇಜಿನ ಜಾಗವನ್ನು ನಾವು ಕೊಟ್ಟಿರದಿದ್ದರೆ ಕೆಟಿಎಲ್‌ಎಸ್ ಇಐಒ ಕೊಡುತ್ತದೆ. ಲೈನ್ ಕೆಟ್ಟಿದೆ ಅಂದುಕೊಂಡು ನಾನು ಲೂಪಿನಿಂದ ಹೊರಬಿದ್ದೆ. ಮತ್ತೆ ಆರ್‌ಎಸ್‌ಟಿ. ಓದುವಾಗಲೂ ಕಂಟ್ರೋಲ್ ಮೆಸೇಜಿಗೆ ಒಂದು ಬಫರ್ ಕೊಟ್ಟ ಮೇಲೆ ಸರಿಯಾಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಆ ಕಡೆಯವರೇ ಮೊದಲು ಮುಚ್ಚಿದರೆ ಕರ್ನಲ್ ಸಾಕೆಟಿನ ಡೇಟಾ ರೆಡಿ ಕಾಲ್‌ಬ್ಯಾಕನ್ನು, ಅಂದರೆ ಏನಾದರೂ ಬಂದಾಗ ಓಡಲಿ ಅಂತ ನಾವು ಕೂರಿಸಿದ ಫಂಕ್ಷನನ್ನು, ಕರೆಯುತ್ತದೆ. ಅಲ್ಲಿಂದಲೇ ಮುಚ್ಚಿಬಿಡೋಣ ಅಂತ ಜಾಣತನ ಮಾಡಿದೆ. ಅದು ಓಡುವುದು ಸಾಫ್ಟ್‌ಐಆರ್‌ಕ್ಯೂನಲ್ಲಿ, ಕಾಯುವಂತಿಲ್ಲದ ಅವಸರದ ಕೆಲಸಗಳ ಜಾಗದಲ್ಲಿ. ನಿದ್ದೆ ಮಾಡಬಾರದ ಜಾಗದಲ್ಲಿ ನಿದ್ದೆ ಮಾಡಿದ್ದೀಯ ಅಂತ ಕರ್ನಲ್ ಬೈದು, ಪರದೆ ತುಂಬ ಸ್ಟ್ಯಾಕ್ ಕಾರಿತು. ಅಲ್ಲಿ ಚೀಟಿ ಬರೆದಿಟ್ಟು, ಮುಚ್ಚುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡುವ ವರ್ಕ್‌ಕ್ಯೂಗೆ ಹಚ್ಚಬೇಕು.

ವರ್ಕ್‌ಕ್ಯೂಗೆ ಹಚ್ಚಿದೆ, ಅಲ್ಲೊಂದು ಗಂಟು. ಸಾಕೆಟ್ ಲಾಕ್ ಹಿಡಿದುಕೊಂಡೇ, ಕಳಿಸುವ ವರ್ಕರ್ ಮುಗಿಯಲಿ ಅಂತ ಕಾಯುತ್ತಿದ್ದೆ. ವರ್ಕರ್‌ಗೆ ಡೇಟಾ ಕಳಿಸಲು ಅದೇ ಲಾಕ್ ಬೇಕು. ನೀ ಮೊದಲು, ನೀ ಮೊದಲು ಅಂತ ಇಬ್ಬರೂ ಬಾಗಿಲಲ್ಲೇ ನಿಂತರು. 120 ಸೆಕೆಂಡು ಕಳೆದ ಮೇಲೆ ಹಂಗ್ ಟಾಸ್ಕ್ ಎಚ್ಚರಿಕೆ ಬಂತು. ಇಂಥ ಲಾಕ್ ಗಂಟು ಹಿಡಿಯುವ ಲಾಕ್‌ಡೆಪ್ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ನಾನು ಹಾಕಿರಲಿಲ್ಲ. ಸ್ವಲ್ಪ ಸಮಾಧಾನ ಕೊಟ್ಟದ್ದು ಕೆಟಿಎಲ್‌ಎಸ್‌ನ ಸ್ವಂತ ಕೋಡ್. ಅದರ ಮುಚ್ಚುವ ದಾರಿಯಲ್ಲೂ ಹಿಂದೆ ನಡುವೆ ಲಾಕ್ ಬಿಟ್ಟು, ಕಳಿಸುವ ಕೆಲಸ ನಿಲ್ಲಿಸಿ, ಮತ್ತೆ ಲಾಕ್ ಹಿಡಿಯುತ್ತಿದ್ದರು. 2019ರಲ್ಲಿ ಅದನ್ನು ತೆಗೆದು, ‘ಮುಚ್ಚುತ್ತಿದ್ದೇವೆ’ ಎಂಬ ಒಂದು ಬಿಟ್ ಹಾಕಿ, ಲಾಕ್ ಹಿಡಿಯುವ ಮುಂಚೆಯೇ ಕೆಲಸ ನಿಲ್ಲಿಸುವಂತೆ ಮಾಡಿದರು. ನಾನೂ ಅದನ್ನೇ ಕದ್ದೆ.

ಕೊನೆಯ ತಪ್ಪು ಕಣ್ಣಿಗೇ ಕಾಣದಂಥದು. ಹ್ಯಾಂಡ್‌ಶೇಕನ್ನು ಡೀಮನ್‌ಗೆ ಒಪ್ಪಿಸಬೇಕಾದರೆ ಸಾಕೆಟಿಗೆ ಒಂದು ಫೈಲ್ ಅಂಟಿಸಲೇಬೇಕು. ಫೈಲ್ ಅಂಟಿದ ಮೇಲೆ ಸಾಕ್ ರಿಲೀಸ್ ಕರೆದರೆ ನೆಟ್‌ವರ್ಕ್ ಮುಚ್ಚುತ್ತದೆ, ಫೈಲ್ ಮಾತ್ರ ಅನಾಥವಾಗಿ ಉಳಿಯುತ್ತದೆ. ಕರ್ನಲ್ ತನ್ನ ಲೆಕ್ಕ ತೋರಿಸುವ ಪ್ರೋಕ್‌ನಲ್ಲಿ ತೆರೆದ ಫೈಲುಗಳ ಎಣಿಕೆ ಪ್ರತಿ ಸಂಪರ್ಕಕ್ಕೂ ಒಂದೊಂದು ಏರುತ್ತಾ ಹೋಗುವುದನ್ನು ಚಹಾ ಆರುವವರೆಗೂ ನೋಡುತ್ತಾ ಕೂತಿದ್ದೆ. ಬಿಡಬೇಕಾದದ್ದು ಎಫ್‌ಪುಟ್‌ನಿಂದ, ಫೈಲನ್ನು. ಕರ್ನಲ್ ಥ್ರೆಡ್‌ನಲ್ಲಿ ಎಫ್‌ಪುಟ್ ಕೂಡಲೇ ಮುಚ್ಚುವುದಿಲ್ಲ, ಆಮೇಲೆ ನೋಡೋಣ ಅಂತ ಪಟ್ಟಿಗೆ ಸೇರಿಸುತ್ತದೆ. ಅಷ್ಟರಲ್ಲಿ ಮಾಡ್ಯೂಲ್ ತೆಗೆದಿದ್ದು, ಕಾಲ್‌ಬ್ಯಾಕ್ ಇನ್ನೂ ನಮ್ಮ ಕೋಡಿಗೇ ಬೊಟ್ಟು ಮಾಡುತ್ತಿದ್ದರೆ ಮಶೀನು ಮಕಾಡೆ. ಅದಕ್ಕೇ ಈಗ ಎಲ್ಲಕ್ಕಿಂತ ಮೊದಲು ಹಳೇ ಕಾಲ್‌ಬ್ಯಾಕ್‌ಗಳನ್ನು ವಾಪಸ್ ಕೂರಿಸುತ್ತೇನೆ. ಆಮೇಲೆ ವರ್ಕರ್ ನಿಲ್ಲಿಸುವುದು, ಅಲರ್ಟ್ ಕಳಿಸುವುದು, ಬರೆಯುವ ಕಡೆಯನ್ನಷ್ಟೇ ಶಟ್‌ಡೌನ್ ಮಾಡುವುದು, ಉಳಿದದ್ದನ್ನು ಓದಿ ಖಾಲಿ ಮಾಡುವುದು. ಎಲ್ಲ ಆದ ಮೇಲೆ ಎಫ್‌ಪುಟ್. ಕಳಿಸುವುದಕ್ಕೂ ಓದುವುದಕ್ಕೂ ಟೈಮ್‌ಔಟ್ ಇರಲೇಬೇಕು, ಇಲ್ಲದಿದ್ದರೆ ಆ ಕಡೆ ಸತ್ತಿದ್ದರೆ ನಾವೂ ಇಲ್ಲೇ ಕೂತಿರುತ್ತೇವೆ.

ಇಷ್ಟೆಲ್ಲ ಆದ ಮೇಲೆ ಗೊತ್ತಾದದ್ದು: ಅಲರ್ಟ್ ಕಳಿಸಲು ಟಿಎಲ್‌ಎಸ್ ಹ್ಯಾಂಡ್‌ಶೇಕ್ ಕ್ಲೋಸ್ ಎಂಬ ಫಂಕ್ಷನ್ ಕರ್ನಲ್‌ನಲ್ಲೇ ಇದೆ. ಹ್ಯಾಂಡ್‌ಶೇಕ್ ಡೀಮನ್ ದಾರಿಯಲ್ಲಿ ಆಗಿದ್ದರೆ ಅದನ್ನೇ ಕರೆಯಿರಿ. ನಾನು ಕೈಯಾರೆ ಬರೆದದ್ದನ್ನು ಅಳಿಸಿದೆ, ಹೊಟ್ಟೆ ಸ್ವಲ್ಪ ಉರಿಯಿತು.

ನಾಲ್ಕನೇ ಬಗೆ ಗೆಳೆಯನ ಹಟ. ‘ಮುಚ್ಚೋದನ್ನ ಯೂಸರ್‌ಸ್ಪೇಸಿಗೇ ಬಿಡೋ, ಓಪನ್‌ಎಸ್‌ಎಸ್‌ಎಲ್ ಅದನ್ನ ವರ್ಷಾನುಗಟ್ಟಲೆ ಮಾಡೇತಿ’ ಅಂದ. ಒಂದು ಸಣ್ಣ ಪ್ರೋಗ್ರಾಮು ಸಾಕೆಟ್ ಹಿಡಿದುಕೊಂಡಿರುತ್ತದೆ, ಮಾಡ್ಯೂಲ್ ಡೇಟಾ ತಳ್ಳುತ್ತದೆ, ಕೊನೆಗೆ ಪ್ರೋಗ್ರಾಮು ಎಸ್‌ಎಸ್‌ಎಲ್ ಶಟ್‌ಡೌನ್ ಕರೆಯುತ್ತದೆ. ಮೊದಲ ಕರೆ 0 ಕೊಟ್ಟರೆ ನಮ್ಮದು ಹೋಗಿದೆ, ಅವರದು ಬಂದಿಲ್ಲ ಅಂತ. ಅವರದೂ ಬಂದ ಮೇಲೆ 1. ಟಿಕೆಟ್, ಅಲರ್ಟ್ ಎಲ್ಲದರ ತಲೆಬಿಸಿ ಅದೇ ನೋಡಿಕೊಳ್ಳುತ್ತದೆ. ಕೋಡು ಮೂರನೆಯದರ ಅರ್ಧದಷ್ಟೂ ಇಲ್ಲ. ಆದರೆ ಕಿಲ್ ಮೈನಸ್ 9 ಹೊಡೆದು ನೋಡಿದೆ. ಪ್ರೋಗ್ರಾಮು ಸತ್ತಿತು, ಮಾಡ್ಯೂಲ್ ಕೈಯಲ್ಲಿ ಫೈಲಿನ ರೆಫರೆನ್ಸ್ ಉಳಿದಿದ್ದರಿಂದ ಸಂಪರ್ಕ ಮಾತ್ರ ಸಾಯಲಿಲ್ಲ. ಹೇಳುವವನು ಇಲ್ಲ, ಇಡುವವನೂ ಇಲ್ಲ. ಮೆಮೊರಿ ಸಾಲದಾದಾಗ ಕರ್ನಲ್ ಇಂಥ ಪ್ರೋಗ್ರಾಮನ್ನು ತಾನೇ ಕೊಲ್ಲಬಹುದು, ಅಂಥ ಹೊತ್ತಿನಲ್ಲೇ ಡಿಸ್ಕ್ ನಕಲು ಬೇಕಾಗಿರುತ್ತದೆ ಅಲ್ವಾ?

ಡೇಟಾ ಯೂಸರ್‌ಸ್ಪೇಸಿನಲ್ಲೇ ಹುಟ್ಟುವುದಾಗಿದ್ದರೆ ನಾನು ಎರಡು ಸಲ ಯೋಚಿಸದೆ ನಾಲ್ಕನೆಯದನ್ನು ಹಿಡಿಯುತ್ತಿದ್ದೆ. ನನ್ನ ಮಾಡ್ಯೂಲಿಗೆ ಮೂರನೆಯದೇ. ಸಂಪರ್ಕ ಆಗಲೇ ಕೆಟ್ಟಿದ್ದಾಗ, ಕೀ ಹೊಂದದೆ ಡಿಕ್ರಿಪ್ಶನ್ ಸೋತಾಗ, ನಯ ನಾಜೂಕು ಬೇಡ, ನೇರ ಎಫ್‌ಪುಟ್.

ಟೈಮ್‌ಔಟಿನ ಹೊತ್ತಿನ ಬಗ್ಗೆ ಮಾತ್ರ ಗೆಳೆಯನ ಜೊತೆ ಜಗಳ ಮುಗಿದಿಲ್ಲ. ಅವನು 2 ಸೆಕೆಂಡು ಸಾಕು ಅನ್ನುತ್ತಾನೆ, ನಾನು 5 ಇಟ್ಟಿದ್ದೇನೆ. ಮೊನ್ನೆ ಅಡ್ಡಮಳೆಗೆ ವಿದ್ಯಾಗಿರಿಯಲ್ಲಿ ಕರೆಂಟ್ ಹೋದಾಗ ಎರಡಕ್ಕೂ ಕೆಲಸ ಬೀಳಲಿಲ್ಲ. ಮಶೀನು ಏನೂ ಹೇಳದೆ ಆರಿತು, ಅವನ ಸರ್ವರ್ ಆ ಕಂತನ್ನು ಎಸೆಯಿತು, ಕರೆಂಟ್ ಬಂದ ಮೇಲೆ ನನ್ನದು ಅದನ್ನೇ ಮತ್ತೆ ಕಳಿಸಿತು. ಬೆಳಿಗ್ಗೆ ಡಂಪ್ ತೆಗೆದು ನೋಡಿದರೆ ಕೊನೆಯ ಸಾಲಿನಲ್ಲಿ 24 ಬೈಟು.