ಡಿಡಿ ಫ್ರೀ ಡಿಶ್: ಒಂಬತ್ತು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ 2016ರಿಂದ ಡಿಡಿ ಫ್ರೀ ಡಿಶ್ ಇದೆ. ಇದು ತಿಂಗಳ ಚಂದಾ ಇಲ್ಲದೆ ಡಿಶ್ಶಿನ ಮೂಲಕ ಟಿವಿ ವಾಹಿನಿಗಳನ್ನು ಕೊಡುವ ಸರ್ಕಾರಿ ಸೇವೆ. ಡಿಶ್ಶಿಗೂ ಸೆಟ್ ಟಾಪ್ ಬಾಕ್ಸಿಗೂ ಮೊದಲು ಕೊಟ್ಟ ಹಣವನ್ನು ಬಿಟ್ಟರೆ, ಒಂಬತ್ತು ವರ್ಷ ರೀಚಾರ್ಜ್ ಎಂಬ ಮಾತೇ ಬರಲಿಲ್ಲ. ಮಗಳು ಮಾತ್ರ ಅದೇ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಉಚಿತವಾಗಿ ಸಿಗುವುದನ್ನು ನೋಡುತ್ತಾಳೆ. ಎರಡಕ್ಕೂ ಚಂದಾ ಇಲ್ಲದಿದ್ದರೂ ಎರಡರ ನೋಡುಗರೂ ಬೇರೆ ಬೇರೆ.

ಅಮ್ಮನಿಗೆ ಬೇಕಾದುದು ಚಂದನ. ಕೃಷಿ ಕಾರ್ಯಕ್ರಮವನ್ನೂ ಡಾ. ನಾ. ಸೋಮೇಶ್ವರ ಅವರ ರಸಪ್ರಶ್ನೆಯನ್ನೂ ಹೊತ್ತಿಗೆ ಸರಿಯಾಗಿ ನೋಡುವ ಅವರಿಗೆ ಹುಡುಕುವ, ಆರಿಸುವ ಕೆಲಸವೇ ಇಲ್ಲ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಇದೇ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಆಗ ನೆಟ್‌ವರ್ಕ್ ಸರಿಯಾಗಿ ಸಿಗದಿದ್ದ ನಮ್ಮಂಥ ಊರುಗಳಿಗೆ ಅದು ದೊಡ್ಡ ಆಸರೆಯಾಗಿತ್ತು.

ಚಂದನದ ಆಚೆಗೆ ಕನ್ನಡ ಇಲ್ಲಿ ತೀರಾ ಕಡಿಮೆ ಎಂಬುದು ನನ್ನನ್ನು ನಿಜವಾಗಿ ನೋಯಿಸುತ್ತದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಆರಂಭವಾದ ಈ ಸೇವೆಯಲ್ಲಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಕೊಳ್ಳಬೇಕು. ಜಾಹೀರಾತಿನಿಂದಲೇ ಆ ಹಣವನ್ನು ಮರಳಿ ಗಳಿಸಬೇಕಾದುದರಿಂದ, ಅತಿ ಹೆಚ್ಚು ನೋಡುಗರಿರುವ ಹಿಂದಿ ಧಾರಾವಾಹಿ ಮತ್ತು ಸಿನಿಮಾ ವಾಹಿನಿಗಳೇ ಇಲ್ಲಿ ತುಂಬಿಕೊಂಡಿವೆ. ಜನಪ್ರಿಯ ಕನ್ನಡ ಧಾರಾವಾಹಿಗಳಿಗೆ ದುಡ್ಡು ಕೊಡುವ ಪ್ಯಾಕೇ ಗತಿ. ನಮ್ಮೂರಿಗೆ ಕಟ್ಟಡ ಕೆಲಸಕ್ಕೆ ಬಂದಿರುವ ಬಿಹಾರದ ಕಾರ್ಮಿಕರ ಶೆಡ್ಡಿನಲ್ಲಿಯೂ ಇದೇ ಡಿಶ್ ಇದೆ. ಅವರಿಗೆ ಭೋಜ್‌ಪುರಿ ಸಿನಿಮಾ ಸಹ ಸಿಗುವುದರಿಂದ ನಮಗಿಂತ ಅವರಿಗೇ ಇದು ಹೆಚ್ಚು ಒಗ್ಗಿದೆ.

ಕ್ರಿಕೆಟ್ಟಿನ ವಿಷಯ ಬೇರೆ. ಭಾರತದ ಪುರುಷರ ತಂಡ ಆಡುವ ಏಕದಿನ, ಟಿ-20 ಅಂತರರಾಷ್ಟ್ರೀಯ ಪಂದ್ಯಗಳನ್ನು ಪ್ರಸಾರದ ಹಕ್ಕು ಪಡೆದವರು 2007ರ ಕಾನೂನಿನಂತೆ ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕಾಗಿರುವುದರಿಂದ ಅವು ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತವೆ. ಹೀಗೆ ಹಂಚಿಕೊಳ್ಳಬೇಕಾದ ಪಂದ್ಯಗಳ ಪಟ್ಟಿಯಲ್ಲಿ ಐಪಿಎಲ್ ಇಲ್ಲ. 2023ರಲ್ಲಿ ಜಿಯೋಸಿನಿಮಾ ಆ್ಯಪ್ ಅದನ್ನು ಕನ್ನಡ ವೀಕ್ಷಕ ವಿವರಣೆಯೊಂದಿಗೆ ಉಚಿತವಾಗಿ ಕೊಟ್ಟಾಗ ಮನೆಯ ಕಿರಿಯರೆಲ್ಲ ಟಿವಿ ಬಿಟ್ಟು ಮೊಬೈಲ್ ಹಿಡಿದರು. ಆದರೆ ಅಲ್ಲಿ ಡೇಟಾದ ಖರ್ಚು ಇದ್ದೇ ಇರುತ್ತದೆ, ಕಂಪನಿಯ ಲೆಕ್ಕಾಚಾರ ಬದಲಾದಂತೆ ಉಚಿತವೂ ಮುಗಿಯುತ್ತದೆ. 2024ರ ನವೆಂಬರಿನಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೇ ‘ವೇವ್ಸ್’ ಆ್ಯಪ್ ತಂದು ದೂರದರ್ಶನವನ್ನು ಮೊಬೈಲಿಗೂ ತಲುಪಿಸಿದೆ. ಊರು ಬಿಟ್ಟು ಹೋದವರು ಚಂದನ ನೋಡಲು ಅದು ಅನುಕೂಲ.

ಹೊಸದಾಗಿ ಹಾಕಿಸುವವರು ಹೊಸ ಬಗೆಯ ಸಿಗ್ನಲನ್ನೂ ಓದಬಲ್ಲ ಎಂಪೆಗ್-4 ಬಾಕ್ಸನ್ನೇ ಕೇಳಿ ಪಡೆಯಬೇಕು. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಕೆಲವು ವಾಹಿನಿಗಳು ಬರುವುದಿಲ್ಲ. ಹರಾಜಿನ ನಂತರ ವಾಹಿನಿಗಳು ಬದಲಾಗುವುದರಿಂದ ಆಗಾಗ ಮರಳಿ ಸ್ಕ್ಯಾನ್ ಮಾಡಬೇಕಾಗುತ್ತದೆ. ಮಲೆನಾಡಿನ ಆಷಾಢದ ಮಳೆ ಜೋರಾದಾಗ ಯಾವ ಡಿಶ್ಶಿಗೂ ಸಿಗ್ನಲ್ ನಿಲ್ಲದು, ಆಗ ರೇಡಿಯೋ ಹಾಕಿಕೊಳ್ಳುವುದು ಅಮ್ಮನ ರೂಢಿ.